ಒಬ್ಬ ಮಾಸ್ತರರು, ಒಂದು ವಿದ್ಯಾರ್ಥಿವೇತನ

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ, ಶಾಲೆಯ ದಿನಗಳ ನೆನಪು ಬರೆದರಾಯಿತು ಅಂದುಕೊಂಡಿದ್ದೆ. ಅದೇ ಮಾತಿನಲ್ಲಿ ಅವರು, "ಹಳೇ ವಿದ್ಯಾರ್ಥಿಗಳೆಲ್ಲಾ ಕೂಡಿ ಒಂದು ವಿದ್ಯಾರ್ಥಿವೇತನದ ನಿಧಿ ಮಾಡಬೇಕಂತ ಮಾಡೇವಿ. ಎಸ್ಸೆಸ್ಸೆಲ್ಸಿಯೊಳಗ ಹೆಚ್ಚು ಮಾರ್ಕ್ಸ್ ತಗೊಂಡ ಮೂರು ಮಂದಿಗೆ ವರ್ಷಾ ರೊಕ್ಕಾ ಕೊಡೂಣು. ನಿಂದೂ ಒಂದು ಪಾಲಿರಲಿ ತಮ್ಮಾ" ಎಂದರು. ಆಗಲಿ ಎಂದೆ. ಫೋನ್ ಇಟ್ಟ ಮೇಲೆ ಮಾತ್ರ ಮನಸ್ಸಿಗೆ ಸಮಾಧಾನವಾಗಲಿಲ್ಲ. ಅದು ಯಾಕೆಂದು ಹೇಳಬೇಕಾದರೆ ನೂರು ವರ್ಷಕ್ಕೂ ಹಿಂದಿನ ಮುಂಬಯಿಯ ಒಬ್ಬ ಬಡ ವಿದ್ಯಾರ್ಥಿಯ ಕಥೆಯಿಂದ ಶುರುಮಾಡಬೇಕು. ಆ ವಿದ್ಯಾರ್ಥಿಯ ಹೆಸರು ನಿಮಗೆಲ್ಲ ಗೊತ್ತು. ಅವನ ಬೆನ್ನಿಗೆ ನಿಂತವರ ಹೆಸರು ಬಹಳ ಜನಕ್ಕೆ ಗೊತ್ತಿಲ್ಲ.

ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದ ರಾಮಜಿಯವರು ಮಕ್ಕಳ ಓದಿಗಾಗಿ ಮುಂಬಯಿಗೆ ಬಂದು, ಗಿರಣಿ ಕಾರ್ಮಿಕರು ತುಂಬಿದ್ದ ಪರಳ್ ಭಾಗದ ಚಾಳೊಂದರಲ್ಲಿ ಮನೆ ಮಾಡಿದರು. ಮನೆ ಎಂದರೆ ಒಂದೇ ಕೋಣೆ. ಅಡುಗೆ ಅಲ್ಲೇ, ಹೊಗೆ ಅಲ್ಲೇ, ಮಲಗುವುದೂ ಅಲ್ಲೇ. ಗದ್ದಲ ಅಡಗಿದ ಮೇಲೆ ಓದಲಿ ಎಂದು ತಂದೆ ಮಗನನ್ನು ನಸುಕಿಗೂ ಮೊದಲೇ ಎಬ್ಬಿಸುತ್ತಿದ್ದರು. ಪುಸ್ತಕ ಕೊಳ್ಳಲು ಹಣವಿಲ್ಲದಾಗ ಮದುವೆಯಾದ ಹೆಣ್ಣುಮಕ್ಕಳ ಒಡವೆ ತಂದು ಒತ್ತೆ ಇಡುತ್ತಿದ್ದರು. ಆ ಮಗನೇ ಭೀಮರಾವ್, ನಾವು ಡಾ. ಬಿ. ಆರ್. ಅಂಬೇಡ್ಕರ್ ಎಂದು ಕರೆಯುವವರು.

ಶಾಲೆ ಬಿಟ್ಟ ಮೇಲೆ ಹುಡುಗ ಚರ್ನಿ ರಸ್ತೆಯ ಉದ್ಯಾನದಲ್ಲಿ ಕುಳಿತು ಓದುತ್ತಿದ್ದ. ಅದೇ ಉದ್ಯಾನಕ್ಕೆ ವಿಲ್ಸನ್ ಹೈಸ್ಕೂಲಿನ ಶಿಕ್ಷಕರಾದ ಕೃಷ್ಣಾಜಿ ಅರ್ಜುನ ಕೆಳೂಸ್ಕರ್ ಅವರೂ ಬರುತ್ತಿದ್ದರು. ಮರಾಠಿಯಲ್ಲಿ ಹಲವು ಜೀವನಚರಿತ್ರೆಗಳನ್ನು ಬರೆದ ಲೇಖಕರು ಅವರು. ದಿನವೂ ಒಂದೇ ಹುಡುಗ ಪುಸ್ತಕ ಹಿಡಿದು ಕುಳಿತದ್ದನ್ನು ನೋಡಿ ಮಾತನಾಡಿಸಿದರು. ಯಾರ ಮಗ, ಯಾವ ಶಾಲೆ ಎಂದು ಕೇಳಿದರು. ಓದಲು ಪುಸ್ತಕ ಕೊಟ್ಟರು. ಆ ಹುಡುಗ ಅವರ ಶಾಲೆಯವನಲ್ಲ, ಅವರ ಜಾತಿಯವನೂ ಅಲ್ಲ.

1907ರಲ್ಲಿ ಭೀಮರಾವ್ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ ಮೆಟ್ರಿಕ್ ಪಾಸಾದರು. ಪಡೆದ ಅಂಕ 750ಕ್ಕೆ 282. ಅಂದರೆ ಶೇಕಡಾ 38ಕ್ಕೂ ಕಡಿಮೆ. ನಮ್ಮ ನಿಧಿಯ "ಮೊದಲ ಮೂವರು" ಎಂಬ ನಿಯಮ ಅಂದು ಇದ್ದಿದ್ದರೆ ಈ ಹುಡುಗನ ಅರ್ಜಿಯನ್ನು ಯಾರೂ ತೆರೆದು ನೋಡುತ್ತಿರಲಿಲ್ಲ. ಆದರೂ ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಸಮುದಾಯದ ಹುಡುಗ ಮೆಟ್ರಿಕ್ ಮುಟ್ಟಿದ್ದೇ ದೊಡ್ಡದೆಂದು ಎಸ್. ಕೆ. ಬೋಲೆಯವರ ಅಧ್ಯಕ್ಷತೆಯಲ್ಲಿ ಸನ್ಮಾನದ ಸಭೆ ನಡೆಯಿತು. ಕೆಳೂಸ್ಕರ್ ಅಲ್ಲಿ ತಾವೇ ಬರೆದ ಬುದ್ಧನ ಚರಿತ್ರೆಯನ್ನು ಹುಡುಗನ ಕೈಗಿತ್ತರು. 1956ರಲ್ಲಿ ಅಂಬೇಡ್ಕರರು ಬೌದ್ಧಧರ್ಮ ಸ್ವೀಕರಿಸಿದ್ದನ್ನು ನೆನೆದರೆ, ಮಾಸ್ತರರು ಕೊಟ್ಟ ಆ ಪುಸ್ತಕದ ಬೆಲೆ ತಿಳಿಯುತ್ತದೆ.

ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಇಂಟರ್ ಮುಗಿಯುವ ಹೊತ್ತಿಗೆ ತಂದೆಯ ಕೈ ಬರಿದಾಗಿತ್ತು. ಆಗ ಕೆಳೂಸ್ಕರ್ ಆ ಯುವಕನನ್ನು ಕರೆದುಕೊಂಡು ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ಬಳಿಗೆ ಹೋದರು. ಮಹಾರಾಜರು ಕೆಲವು ಪ್ರಶ್ನೆ ಕೇಳಿದರು, ಉತ್ತರ ಮೆಚ್ಚಿದರು, ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಮಂಜೂರು ಮಾಡಿದರು. ಕಾಲೇಜಿನ ಪ್ರಾಧ್ಯಾಪಕ ಮುಲ್ಲರ್ ಪುಸ್ತಕ ಕೊಟ್ಟರು, ಬಟ್ಟೆಯನ್ನೂ ಕೊಟ್ಟರು. 1912ರಲ್ಲಿ ಬಿ.ಎ. ಆಯಿತು. 1913ರ ಫೆಬ್ರವರಿಯಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಬರೋಡಾ ಸಂಸ್ಥಾನ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವೇತನ ಕೊಟ್ಟು ಅವರನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿತು. ಓದು ಮುಗಿಸಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬುದು ಕರಾರು.

ವಿದ್ಯಾರ್ಥಿವೇತನಕ್ಕೂ ಒಂದು ಮಿತಿ ಇದೆ ಎಂಬುದು ಇದೇ ಕಥೆಯ ಮುಂದಿನ ಭಾಗದಲ್ಲಿ ಕಾಣುತ್ತದೆ. ಕೊಲಂಬಿಯಾದಿಂದ ಲಂಡನ್ನಿಗೆ ಹೋಗಿದ್ದ ಅಂಬೇಡ್ಕರರು ವೇತನದ ಅವಧಿ ಮುಗಿದದ್ದರಿಂದ 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಮರಳಿದರು. ಕರಾರಿನಂತೆ ಬರೋಡಾದಲ್ಲಿ ಕೆಲಸಕ್ಕೆ ಸೇರಿದರೆ, ಜಾತಿಯ ಕಾರಣಕ್ಕೆ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಉಳಿದಿದ್ದಾಗ, ಕೋಲು ಹಿಡಿದ ಗುಂಪು ಬಂದು ಹೊರಗೆ ಹಾಕಿತು. ನ್ಯೂಯಾರ್ಕಿಗೆ ಕಳುಹಿಸಿದ ಹಣ ಬರೋಡಾದಲ್ಲಿ ಒಂದು ಸೂರು ಕೊಡಿಸಲಾರದೆ ಹೋಯಿತು. ಮತ್ತೆ ಲಂಡನ್ನಿಗೆ ಹೋಗಲು ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಹಣ ಉಳಿಸಿದರು. ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು, ಗೆಳೆಯ ನವಲ್ ಭಾಥೇನಾ 5,000 ರೂಪಾಯಿ ಸಾಲ ಕೊಟ್ಟರು. 1920ರಲ್ಲಿ ಹೋದವರು ಬ್ಯಾರಿಸ್ಟರ್ ಆಗಿ 1923ರಲ್ಲಿ ಬಂದರು, ಡಿ.ಎಸ್‌ಸಿ. ಪದವಿಯೂ ಅದೇ ವರ್ಷ ದೊರೆಯಿತು.

ಪಡೆದ ನೆರವನ್ನು ಅಂಬೇಡ್ಕರರು ತಮ್ಮೊಬ್ಬರ ಭಾಗ್ಯವೆಂದು ತಿಳಿಯಲಿಲ್ಲ. ಹುಡುಗರು ಓದಬೇಕಾದರೆ ಮೊದಲು ಇರಲು ಜಾಗ ಬೇಕು ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಸ್ಥಾಪಿಸಿ, ಮರುವರ್ಷ ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯ ತೆರೆದರು. 1928ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಷನ್ ಸೊಸೈಟಿ ಕಟ್ಟಿದರು. ಅದು ನಡೆಸಿದ ವಸತಿನಿಲಯಗಳಲ್ಲಿ ಪನವೇಲ, ಠಾಣೆ, ನಾಸಿಕ, ಪುಣೆಗಳ ಜೊತೆಗೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಧಾರವಾಡವೂ ಇತ್ತು. ವಾರಾನ್ನ ಮಾಡಿ ಓದಿದವರ, ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಬೆಳೆದವರ ಕಥೆಗಳನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಧಾರವಾಡದ ಈ ಕಥೆಯನ್ನೂ ಅಷ್ಟೇ ಅಭಿಮಾನದಿಂದ ಹೇಳಬೇಕು.

ಮುಂದೆ 1942ರಿಂದ 1946ರವರೆಗೆ ಅಂಬೇಡ್ಕರರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಭಾರತ ಸರ್ಕಾರ 1944ರಲ್ಲಿ ಆರಂಭಿಸಿದ್ದು ಆ ಅವಧಿಯಲ್ಲೇ. 1948ರಲ್ಲಿ ಅದು ಪರಿಶಿಷ್ಟ ಪಂಗಡಗಳಿಗೂ ವಿಸ್ತರಿಸಿತು. ಒಬ್ಬ ಮಹಾರಾಜರ ಮೆಚ್ಚುಗೆಯಿಂದ ಒಬ್ಬನಿಗೆ ಸಿಕ್ಕಿದ್ದು ಹೀಗೆ ಎಲ್ಲರೂ ಅರ್ಜಿ ಹಾಕಿ ಕೇಳಬಹುದಾದ ಹಕ್ಕಾಯಿತು. ಈ ಶಾಲೆಯಿಂದ ಹೋದ ಎಷ್ಟೋ ಜನ ಅದರಿಂದಲೇ ಓದಿದ್ದಾರೆ.

ಇನ್ನು ನನ್ನ ವಿಷಯ. ನನ್ನ ತಂದೆ ಪರರ ಹೊಲದಲ್ಲಿ ದುಡಿಯುತ್ತಿದ್ದರು. ಸಿಇಟಿ ಕೌನ್ಸೆಲಿಂಗಿಗೆ ಬೆಂಗಳೂರಿಗೆ ಹೋಗಬೇಕೆಂದಾಗ ನಮ್ಮ ಮನೆಯಲ್ಲಿ ಯಾರಿಗೂ ಆ ಊರಿನ ದಾರಿ ಗೊತ್ತಿರಲಿಲ್ಲ. ಈ ಶಾಲೆಯ ಗಣಿತದ ಸರ್ ಎರಡು ದಿನ ರಜೆ ಹಾಕಿ, ಹೆಂಡತಿ ಕಟ್ಟಿಕೊಟ್ಟ ರೊಟ್ಟಿಯ ಗಂಟು ಹಿಡಿದು, ರಾತ್ರಿ ಬಸ್ಸಿಗೆ ನನ್ನ ಜೊತೆ ಬಂದರು. ಅಷ್ಟರಲ್ಲಿ ನಾನು ಅವರ ವಿದ್ಯಾರ್ಥಿಯಾಗಿ ಉಳಿದಿರಲಿಲ್ಲ, ಹೈಸ್ಕೂಲು ಬಿಟ್ಟು ಎರಡು ವರ್ಷವಾಗಿತ್ತು. ಅವರು ನನಗೆ ಕೊಟ್ಟ ಹಣ ಬಸ್ಸಿನ ಟಿಕೆಟ್ಟಿನದು ಮಾತ್ರ. ಆದರೆ ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಪಾಠ ತಲೆಗೆ ಹೋಗದೆ ಊರಿಗೆ ಮರಳಲು ಚೀಲ ಕಟ್ಟಿದಾಗ, ಕಾಯಿನ್ ಬೂತಿನಿಂದ ನಾನು ಫೋನ್ ಮಾಡಿದ್ದು ಅವರಿಗೇ. "ಫೇಲಾದರ ಆಗವಲ್ಲದ್ಯಾಕ, ಪರೀಕ್ಷಾಕ್ಕ ಕೂಡು. ಬಂದ ಮ್ಯಾಲೆ ನೋಡೂಣು" ಎಂದರು. ಕುಳಿತೆ. ಒಂದು ವಿಷಯ ಹೋಯಿತು, ಉಳಿದವು ಪಾಸಾದವು.

ಇದನ್ನೆಲ್ಲ ಅನುಭವಿಸಿದ ನಾನೇ ಮುಂದೆ ತಪ್ಪು ಮಾಡಿದೆ. ಕೆಲವು ವರ್ಷದ ಹಿಂದೆ ನಾನು ಮತ್ತು ನನ್ನ ಮೂವರು ಸಹೋದ್ಯೋಗಿಗಳು ಬೆಂಗಳೂರಿನ ಕೊಳೆಗೇರಿಯೊಂದರ ಹುಡುಗನ ಇಂಜಿನಿಯರಿಂಗ್ ಶುಲ್ಕ ಕಟ್ಟಿದೆವು. ಸರ್ಕಾರಿ ಶಾಲೆಯಲ್ಲಿ ಓದಿದವನು, ಲೆಕ್ಕದಲ್ಲಿ ಬಹಳ ಚುರುಕು. ತಾಯಿ ನಾಲ್ಕು ಮನೆ ಕೆಲಸ ಮಾಡುತ್ತಿದ್ದರು. ಹಣ ಕಳುಹಿಸಿದೆವು, ರಸೀದಿ ತೆಗೆದಿಟ್ಟೆವು, ನಮ್ಮ ಕೆಲಸ ಮುಗಿಯಿತು ಅಂದುಕೊಂಡೆವು. ಎರಡನೆಯ ವರ್ಷದ ಶುಲ್ಕಕ್ಕೆಂದು ಫೋನ್ ಮಾಡಿದಾಗ ಅವನು ಕಾಲೇಜು ಬಿಟ್ಟು ಎಂಟು ತಿಂಗಳಾಗಿತ್ತು. ಆ ತಾಯಿ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ. "ನಿಮಗೆ ಫೋನ್ ಮಾಡೋ ಅಂದ್ರೆ ಹೆದರ್ತಿದ್ದ ಸಾರ್. ದುಡ್ಡು ಕೊಟ್ಟೋರಿಗೆ ಫೇಲಾಗಿದೀನಿ ಅಂತ ಯಾವ ಬಾಯಲ್ಲಿ ಹೇಳ್ಲಿ ಅಂತಿದ್ದ."

ನನಗೆ ನನ್ನ ಸರ್‌ಗೆ ಫೋನ್ ಮಾಡುವ ಧೈರ್ಯವಿತ್ತು. ಅವನಿಗೆ ನನಗೆ ಫೋನ್ ಮಾಡುವ ಧೈರ್ಯವಿರಲಿಲ್ಲ. ಆ ವ್ಯತ್ಯಾಸಕ್ಕೆ ಕಾರಣ ನಾನೇ, ಆ ಹುಡುಗನಲ್ಲ. ಈಗ ಅವನು ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುತ್ತಾನೆ. ಮರಳಿ ಓದು ಎಂದರೆ ನಗುತ್ತಾನೆ. ಅವನ ನಂತರ ನಾವು ಕೈಹಿಡಿದ ಇಬ್ಬರು ಹುಡುಗಿಯರಿಗೆ ಪ್ರತಿ ಭಾನುವಾರ ನಾವೇ ಫೋನ್ ಮಾಡುತ್ತೇವೆ. ಅಂಕ ಕೇಳುವುದು ಕೊನೆಗೆ. ಊಟ, ರೂಮು, ಯಾವ ಪಾಠ ತಿಳಿಯಲಿಲ್ಲ ಎಂಬುದು ಮೊದಲು.

ಆದ್ದರಿಂದ ಸಮಿತಿಯ ಹಿರಿಯರಲ್ಲಿ ನನ್ನದು ಮೂರು ಬಿನ್ನಹ. ಮೊದಲನೆಯದು, ನಿಧಿಗೆ ಮಕ್ಕಳನ್ನು ಆರಿಸುವಾಗ ಅಂಕಪಟ್ಟಿಯನ್ನಷ್ಟೇ ನೋಡದೆ ಶಿಕ್ಷಕರನ್ನು ಕೇಳಿರಿ. ಗದ್ದಲದ ಮನೆಯಲ್ಲಿ ಕುಳಿತೂ ಓದುವ ಮಗು ಯಾವುದೆಂದು ಅವರಿಗೆ ಗೊತ್ತಿರುತ್ತದೆ. ಎರಡನೆಯದು, ಹಣವನ್ನು ಸಮಾರಂಭದ ದಿನಕ್ಕೆ ಕಾಯದೆ ಶುಲ್ಕ ಕಟ್ಟುವ ಜೂನ್ ತಿಂಗಳಲ್ಲೇ ಕೊಡಿರಿ. ಮೂರನೆಯದು, ಪ್ರತಿ ಮಗುವಿನ ಹೆಸರಿನ ಮುಂದೆ ಒಬ್ಬ ಹಳೆಯ ವಿದ್ಯಾರ್ಥಿಯ ಹೆಸರು ಬರೆಯಿರಿ. ನಮ್ಮ ಊರಿನ ಮಕ್ಕಳು ಈಗ ಹುಬ್ಬಳ್ಳಿ, ಬೆಂಗಳೂರು, ಪುಣೆಗಳಲ್ಲಿ ಓದುತ್ತಾರೆ. ನಾವೂ ಅದೇ ಊರುಗಳಲ್ಲಿದ್ದೇವೆ. ತಿಂಗಳಿಗೊಮ್ಮೆ ಹೋಗಿ ಒಂದು ಚಹಾ ಕುಡಿಸಿ ಬರುವುದು ಯಾರಿಗೂ ಭಾರವಲ್ಲ.

ನನ್ನ ಪಾಲಿನ ಹಣವನ್ನು ಸಮಿತಿಗೆ ಕಳುಹಿಸಿದ್ದೇನೆ. ಬೆಂಗಳೂರಿಗೆ ಬರುವ ಮಕ್ಕಳ ಪಟ್ಟಿಯಲ್ಲಿ ನನ್ನ ಹೆಸರನ್ನೂ ಸೇರಿಸಿರಿ. ಗಣಿತದ ಸರ್ ನಿವೃತ್ತರಾಗಿ ಊರಲ್ಲೇ ಇದ್ದಾರೆ. ಮಹೋತ್ಸವದ ದಿನ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿರಿ. ಆ ದಿನ ಅವರ ಪಕ್ಕದ ಕುರ್ಚಿ ನನಗಿರಲಿ.