ಸೈರನ್ ಇಲ್ಲದ ಪ್ರಯಾಣ: ಮಿದುಳಿನ ರಕ್ತನಾಳದ ಫೋಟೋ ಮತ್ತು ನಮ್ಮ ಕರಾವಳಿಯ ರಸ್ತೆ

ಇದು ಈ ವಾರದ ಸಂಚಿಕೆಯ ಬರಹ ರೂಪ. ಬಸ್ಸಲ್ಲಿ ಇಯರ್‌ಫೋನ್ ಮರೆತು ಬಂದವರು ಓದ್ಕೊಳ್ಳಿ, ಉಳಿದವರು ಮೇಲಿನ ಬಟನ್ ಒತ್ತಿ ಕೇಳಿ.

ಇವತ್ತಿನ ಕಥೆ ಶುರುವಾಗೋದು ಪೋರ್ಚುಗಲ್‌ನಿಂದ. ಕಾರವಾರದವರಿಗೆ ಪೋರ್ಚುಗಲ್ ಅಷ್ಟೇನೂ ದೂರದ ದೇಶ ಆಗಿರಲಿಲ್ಲ. ಬಿಣಗಾ, ಅರಗಾ ಕಡೆಯಿಂದ ಕಾಣುವ ಅಂಜುದೀವ ದ್ವೀಪ ಈಗ ನೌಕಾನೆಲೆಯ ಭಾಗ. ಆದರೆ 1961ರ ಡಿಸೆಂಬರ್‌ವರೆಗೆ ಅದು ಪೋರ್ಚುಗೀಸರದ್ದೇ ಆಗಿತ್ತು. ಕಾಳಿ ನದಿ ದಾಟಿ ಸ್ವಲ್ಪ ಮುಂದೆ ಹೋದರೆ ಗೋವಾ, ಅದೂ ಅವರದ್ದೇ. ಆ ದೇಶದ ರಾಜಧಾನಿ ಲಿಸ್ಬನ್‌ನಲ್ಲಿ 1927ರ ಜೂನ್ 28ರಂದು ಬದುಕಿರುವ ಮನುಷ್ಯನ ಮಿದುಳಿನ ರಕ್ತನಾಳಗಳು ಮೊದಲ ಸಲ ಎಕ್ಸ್‌ರೇ ಮೇಲೆ ಸ್ಪಷ್ಟವಾಗಿ ಮೂಡಿದವು.

ಅದನ್ನು ಮಾಡಿಸಿದವರು ಎಗಾಸ್ ಮೊನಿಜ್. ವೈದ್ಯರೂ ಹೌದು, ರಾಜಕಾರಣಿಯೂ ಹೌದು. ಪೋರ್ಚುಗಲ್‌ನ ವಿದೇಶಾಂಗ ಮಂತ್ರಿಯಾಗಿದ್ದವರು. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತೆ, ರಕ್ತ ಕಾಣಲ್ಲ. ಹಾಗಾದರೆ ರಕ್ತದಲ್ಲಿ ಎಕ್ಸ್‌ರೇಯನ್ನು ತಡೆಯುವ ಏನಾದರೂ ಬೆರೆಸಿದರೆ? ಇದು ಮೊನಿಜ್ ಅವರ ಯೋಚನೆ. ಅವರ ಕೈಬೆರಳುಗಳು ಗೌಟ್ ರೋಗದಿಂದ ಸೊಟ್ಟಗಾಗಿದ್ದವು, ಹಾಗಾಗಿ ಕೈಯಲ್ಲಿ ಮಾಡುವ ಕೆಲಸವನ್ನು ಪೆದ್ರೊ ಅಲ್ಮೇಡಾ ಲಿಮಾ ಎಂಬ ಸಹೋದ್ಯೋಗಿ ಮಾಡುತ್ತಿದ್ದರು. ಕುತ್ತಿಗೆ ಕೊಯ್ದು, ದೊಡ್ಡ ರಕ್ತನಾಳವನ್ನು ಬಿಡಿಸಿ, ಅದಕ್ಕೇ ಸೂಜಿ ಚುಚ್ಚಬೇಕಿತ್ತು. ಮೊದಲ ಪ್ರಯತ್ನಗಳಲ್ಲಿ ಒಬ್ಬ ರೋಗಿ ತೀರಿಕೊಂಡರು. ಆಮೇಲೆ ಸೋಡಿಯಂ ಅಯೊಡೈಡ್ ದ್ರಾವಣ ಬಳಸಿದಾಗ ಚಿತ್ರ ಸಿಕ್ಕಿತು. ಇವತ್ತು ನಾವು 'ಆಂಜಿಯೋಗ್ರಾಮ್' ಅಂತ ಕರೆಯೋದು ಅದರ ವಂಶದ್ದೇ. ಮೊನಿಜ್‌ಗೆ 1949ರಲ್ಲಿ ನೊಬೆಲ್ ಬಂತು. ಅದು ಈ ಕೆಲಸಕ್ಕಲ್ಲ, ಮುಂದೆ ಬಹಳ ಟೀಕೆಗೆ ಗುರಿಯಾದ ಲೋಬೋಟಮಿ ಶಸ್ತ್ರಚಿಕಿತ್ಸೆಗೆ.

ಉಬ್ಬು ಅಂದ್ರೆ ಏನು?

ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ಇವತ್ತಿನ ವಿಷಯ ಮಿದುಳಿನ ಅನ್ಯೂರಿಸಮ್. ಹಳೆಯ ಸೈಕಲ್ ಟ್ಯೂಬಿಗೆ ಗಾಳಿ ಹೊಡೆದಾಗ ಸವೆದ ಜಾಗದಲ್ಲಿ ಗುಳ್ಳೆಯಂತೆ ಉಬ್ಬುತ್ತಲ್ಲ, ಹಾಗೇ ಮಿದುಳಿನ ರಕ್ತನಾಳವೂ ಉಬ್ಬಬಹುದು. ಒಡೆಯದಿದ್ದರೆ ಎಷ್ಟೋ ಜನರಿಗೆ ಅದು ಇರೋದೇ ಗೊತ್ತಾಗಲ್ಲ. ಒಡೆದರೆ, ಜೀವಮಾನದಲ್ಲೇ ಕಾಣದಂಥ ತಲೆನೋವು ಸಿಡಿಲಿನ ಹಾಗೆ ಬರುತ್ತೆ. ಆಗ ಒಂದೊಂದು ಗಂಟೆಯೂ ಮುಖ್ಯ.

ಚಿಕಿತ್ಸೆಯ ಇತಿಹಾಸದಲ್ಲಿ ಎರಡು ದೊಡ್ಡ ಹೆಜ್ಜೆಗಳಿವೆ. 1937ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ವಾಲ್ಟರ್ ಡ್ಯಾಂಡಿ ತಲೆಬುರುಡೆ ತೆರೆದು, ಉಬ್ಬಿನ ಬುಡಕ್ಕೆ ಬೆಳ್ಳಿಯ ಕ್ಲಿಪ್ ಹಾಕಿದರು. 1990ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಇಟಲಿ ಮೂಲದ ಗ್ವಿಡೋ ಗುಗ್ಲಿಯೆಲ್ಮಿ ಮತ್ತವರ ತಂಡ ತೊಡೆಸಂದಿಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಉಬ್ಬಿನೊಳಗೆ ಪ್ಲಾಟಿನಂ ತಂತಿಯ ಸುರುಳಿ ತುಂಬಿತು. ಅದೇ ಕಾಯಿಲ್. ತಲೆ ಕೊಯ್ಯುವ ಹಾಗಿಲ್ಲ.

ಯಾವುದು ಉತ್ತಮ? 2,143 ರೋಗಿಗಳ ಮೇಲೆ ನಡೆದ ಐಸ್ಯಾಟ್ ಎಂಬ ಅಂತರರಾಷ್ಟ್ರೀಯ ಅಧ್ಯಯನ 2002ರಲ್ಲಿ ಉತ್ತರ ಕೊಟ್ಟಿತು. ಒಡೆದ ಉಬ್ಬಿಗೆ ಎರಡೂ ಚಿಕಿತ್ಸೆ ಸಾಧ್ಯವಿದ್ದ ರೋಗಿಗಳಲ್ಲಿ, ಒಂದು ವರ್ಷದ ನಂತರ ತೀರಿಕೊಂಡವರು ಅಥವಾ ಬೇರೆಯವರನ್ನೇ ಅವಲಂಬಿಸಬೇಕಾದವರು ಕಾಯಿಲ್ ಗುಂಪಿನಲ್ಲಿ 23.7%, ಕ್ಲಿಪ್ ಗುಂಪಿನಲ್ಲಿ 30.6%. ಆಮೇಲೆ ಜಗತ್ತಿನ ಎಷ್ಟೋ ಕಡೆ ಕಾಯಿಲ್ ಬಳಕೆ ಹೆಚ್ಚಿತು.

ಗೆದ್ದ ಮೇಲೂ ಫೋಟೋ ಯಾಕೆ?

ನನ್ನ ಚಿಕ್ಕಿ ಅಂಕೋಲೆಯವರು. ಕಾಯಿಲ್ ಹಾಕಿಸಿಕೊಂಡು ಮನೆಗೆ ಬಂದು, ಮೊದಲಿನ ಹಾಗೇ ಅಡುಗೆ, ತೋಟ ಅಂತ ಓಡಾಡ್ಕೊಂಡಿದ್ದರು. ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಅಂದಾಗ ನನ್ನನ್ನೇ ಕೇಳಿದ್ರು: "ಎಲ್ಲ ಸರಿ ಇದ್ದಲ್ಲ ತಂಗೀ, ಮತ್ತೆಂತಕ್ಕೆ ಫೋಟೋ?"

ನ್ಯಾಯವಾದ ಪ್ರಶ್ನೆ. ಉತ್ತರ ಇರೋದು ಆ ತಂತಿಯ ಸುರುಳಿಯಲ್ಲೇ. ಉಬ್ಬಿನೊಳಗಿನ ಜಾಗದಲ್ಲಿ ಲೋಹ ತುಂಬೋದು ಸಾಮಾನ್ಯವಾಗಿ ಕಾಲು ಭಾಗದ ಆಸುಪಾಸು ಮಾತ್ರ. ಉಳಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ, ಬಾಯಿ ಮುಚ್ಚಿಕೊಳ್ಳಬೇಕು. ಆದರೆ ಹೃದಯ ಬಡಿದಾಗೆಲ್ಲ ರಕ್ತ ಬಂದು ಆ ಸುರುಳಿಗೆ ಗುದ್ದುತ್ತಲೇ ಇರುತ್ತೆ. ಹೊಸ ಹಾಸಿಗೆಯ ಹತ್ತಿ ವರ್ಷ ಕಳೆದಂತೆ ಒಂದು ಕಡೆ ಕುಳಿತುಬಿಡುತ್ತಲ್ಲ, ಹಾಗೆ ಸುರುಳಿಯೂ ಕುಗ್ಗಬಹುದು. ಆಗ ಉಬ್ಬಿನ ಬುಡ ಮತ್ತೆ ತೆರೆದುಕೊಳ್ಳುತ್ತೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2009ರ ವಿಶ್ಲೇಷಣೆಯ ಪ್ರಕಾರ ಕಾಯಿಲ್ ಹಾಕಿದ ಐದರಲ್ಲಿ ಸುಮಾರು ಒಂದು ಉಬ್ಬು ಮತ್ತೆ ಸ್ವಲ್ಪವಾದರೂ ತೆರೆದುಕೊಂಡಿತ್ತು, ಹತ್ತರಲ್ಲಿ ಸುಮಾರು ಒಂದಕ್ಕೆ ಮತ್ತೆ ಚಿಕಿತ್ಸೆ ಬೇಕಾಯಿತು. ಇದರಲ್ಲಿ ನೋವಿಲ್ಲ, ಸೂಚನೆಯೂ ಇಲ್ಲ. ಫೋಟೋ ತೆಗೆದರೆ ಮಾತ್ರ ಗೊತ್ತಾಗೋದು.

ಹೆದರಿಸೋದು ನನ್ನ ಉದ್ದೇಶ ಅಲ್ಲ. ಐಸ್ಯಾಟ್ ರೋಗಿಗಳನ್ನೇ ವರ್ಷಗಟ್ಟಲೆ ಹಿಂಬಾಲಿಸಿ 2009ರಲ್ಲಿ ಪ್ರಕಟಿಸಿದ ವರದಿ ಇದೆ. ಚಿಕಿತ್ಸೆಯಾಗಿ ಒಂದು ವರ್ಷ ದಾಟಿದ ಮೇಲೆ ಅದೇ ಉಬ್ಬು ಮತ್ತೆ ಒಡೆದದ್ದು ಕಾಯಿಲ್ ಗುಂಪಿನಲ್ಲಿ 10 ಜನರಿಗೆ, ಕ್ಲಿಪ್ ಗುಂಪಿನಲ್ಲಿ 3 ಜನರಿಗೆ. ಗುಂಪಿಗೆ ಸಾವಿರಕ್ಕೂ ಹೆಚ್ಚು ಜನರಿದ್ದರು. ಅಂದ್ರೆ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಎಷ್ಟು ಮುಚ್ಚಿದೆ ಅನ್ನೋದರ ಮೇಲೂ ಲೆಕ್ಕ ಬದಲಾಗುತ್ತೆ. ಅಮೆರಿಕದ ಕ್ಯಾರಟ್ ಅಧ್ಯಯನದಲ್ಲಿ (2008) ಪೂರ್ತಿ ಮುಚ್ಚಿದ ಉಬ್ಬು ಮತ್ತೆ ಒಡೆದದ್ದು 1.1%, ಶೇಕಡಾ 70ಕ್ಕಿಂತ ಕಡಿಮೆ ಮುಚ್ಚಿದ್ದರೆ 17.6%. ಹೀಗೆ ಒಡೆದವುಗಳಲ್ಲಿ ಹೆಚ್ಚಿನವು ಚಿಕಿತ್ಸೆಯ ಮೊದಲ ದಿನಗಳಲ್ಲೇ ಒಡೆದಿದ್ದವು. ಇದರ ಜೊತೆಗೆ, ಕೆಲವರಿಗೆ ಬೇರೆ ಜಾಗದಲ್ಲಿ ಹೊಸ ಉಬ್ಬು ಹುಟ್ಟುವುದೂ ಇದೆ.

ನೋಡುವುದಕ್ಕೂ ಒಂದು ಬೆಲೆ ಇತ್ತು

ಹಾಗಾದರೆ ತಿಂಗಳಿಗೊಂದು ಸ್ಕ್ಯಾನ್ ಮಾಡಿಸಿಬಿಡಬಹುದಲ್ಲ? ಇತಿಹಾಸ ಇಲ್ಲಿ ಒಂದು ಪಾಠ ಹೇಳುತ್ತೆ. 1930ರ ದಶಕದಲ್ಲಿ ರಕ್ತನಾಳ ಚೆನ್ನಾಗಿ ಕಾಣಲಿ ಅಂತ ಥೊರೊಟ್ರಾಸ್ಟ್ ಎಂಬ ದ್ರವ ಬಳಸತೊಡಗಿದರು. ಮೊನಿಜ್ ತಂಡವೂ ಬಳಸಿತು. ಚಿತ್ರ ಸೊಗಸಾಗಿ ಬರುತ್ತಿತ್ತು, ಚುಚ್ಚಿದಾಗ ತೊಂದರೆಯೂ ಕಾಣುತ್ತಿರಲಿಲ್ಲ. ಆದರೆ ಅದರಲ್ಲಿದ್ದದ್ದು ವಿಕಿರಣ ಸೂಸುವ ಥೋರಿಯಂ. ಅದು ದೇಹದಿಂದ ಹೊರಗೆ ಹೋಗದೆ ಯಕೃತ್ತಿನಲ್ಲಿ ಕೂತಿತು. ದಶಕಗಳ ನಂತರ ಎಷ್ಟೋ ಜನರಿಗೆ ಯಕೃತ್ತಿನ ಕ್ಯಾನ್ಸರ್ ಬಂತು.

ಆಮೇಲಿನ ಕಥೆ ನೋಡುವ ಅಪಾಯವನ್ನು ಕಡಿಮೆ ಮಾಡುತ್ತಾ ಬಂದ ಕಥೆ. 1953ರಲ್ಲಿ ಸ್ವೀಡನ್‌ನ ಸೆಲ್ಡಿಂಗರ್ ಸೂಜಿ, ತಂತಿ, ಕೊಳವೆ ಇಷ್ಟರಿಂದಲೇ ರಕ್ತನಾಳದೊಳಗೆ ಹೋಗುವ ದಾರಿ ತೋರಿಸಿದರು, ಕೊಯ್ಯುವುದು ತಪ್ಪಿತು. 1971ರಲ್ಲಿ ಲಂಡನ್‌ನಲ್ಲಿ ಹೌನ್ಸ್‌ಫೀಲ್ಡ್ ಅವರ ಸಿಟಿ ಸ್ಕ್ಯಾನರ್ ಮೊದಲ ರೋಗಿಯ ತಲೆ ನೋಡಿತು. ಆ ಬಳಿಕ ಎಂಆರ್‌ಐ ಬಂತು. ಹರಿಯುವ ರಕ್ತವೇ ಬೆಳ್ಳಗೆ ಹೊಳೆಯುವಂತೆ ಮಾಡುವ ಎಂಆರ್ ಆಂಜಿಯೋಗ್ರಾಮ್‌ಗೆ ವಿಕಿರಣ ಇಲ್ಲ, ಎಷ್ಟೋ ಸಲ ಡೈ ಕೂಡ ಬೇಕಿಲ್ಲ.

ಈಗ ರೂಢಿಯಲ್ಲಿರೋದು ಹೀಗೆ. ಕಾಯಿಲ್ ಹಾಕಿದವರಿಗೆ ಸಾಮಾನ್ಯವಾಗಿ ಆರು ತಿಂಗಳ ಹೊತ್ತಿಗೆ ಒಂದು ಚಿತ್ರ, ಮತ್ತೆ ಒಂದು–ಒಂದೂವರೆ ವರ್ಷಕ್ಕೆ ಇನ್ನೊಂದು, ಆಮೇಲೆ ಅಂತರ ಹೆಚ್ಚುತ್ತಾ ಹೋಗುತ್ತೆ. ಇವರಿಗೆ ಹೆಚ್ಚಾಗಿ ಎಂಆರ್‌ಐ ಸಾಕು. ಕ್ಲಿಪ್ ಸುತ್ತಲಿನ ಜಾಗ ಎಂಆರ್‌ಐನಲ್ಲಿ ಕಪ್ಪಾಗಿ ಕಾಣೋದರಿಂದ ಅವರಿಗೆ ಸಿಟಿ ಆಂಜಿಯೋಗ್ರಾಮ್ ಮಾಡುವುದು ಹೆಚ್ಚು. ಅನುಮಾನ ಬಂದರೆ ಕೊಳವೆ ತೂರಿಸುವ ಹಳೆಯ ದಾರಿಯ ಹೊಸ ರೂಪ, ಡಿಎಸ್ಎ. ಯಾರಿಗೆ ಯಾವಾಗ ಯಾವುದು ಅಂತ ಹೇಳಬೇಕಾದವರು ಚಿಕಿತ್ಸೆ ಕೊಟ್ಟ ವೈದ್ಯರೇ.

ಇನ್ನು ಉಳಿದದ್ದು ರಸ್ತೆ

ಯಂತ್ರ ಇಷ್ಟು ಸಲೀಸಾಯಿತು. ಆದರೆ ಯಂತ್ರದವರೆಗೆ ಹೋಗುವ ದಾರಿ? ಮಣಿಪಾಲದ ವೈದ್ಯಕೀಯ ಕಾಲೇಜು ಶುರುವಾದದ್ದು 1953ರಲ್ಲಿ, ಹುಬ್ಬಳ್ಳಿಯದ್ದು 1957ರಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ಈಗಿನ ರೂಪಕ್ಕೆ ಬಂದದ್ದು 1974ರಲ್ಲಿ. ಗೋವಾದ ವೈದ್ಯಕೀಯ ಶಾಲೆಯಂತೂ 1842ರದ್ದು. 1956ರವರೆಗೆ ಮುಂಬಯಿಗೆ ಸೇರಿದ್ದ ನಮ್ಮ ಉತ್ತರ ಕನ್ನಡದ ಕಾರವಾರಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ. ಹಾಗಾಗಿ ನಮ್ಮ ಮನೆಗಳಲ್ಲಿ ದೊಡ್ಡ ಕಾಯಿಲೆ ಅಂದ್ರೆ ಮೊದಲ ಪ್ರಶ್ನೆ ಇವತ್ತಿಗೂ ಒಂದೇ: "ಬಾಂಬೋಳಿಯೋ, ಮಣಿಪಾಲವೋ, ಹುಬ್ಬಳ್ಳಿಯೋ?"

2022ರ ಜುಲೈ 20ರಂದು ಹೊನ್ನಾವರದಿಂದ ಉಡುಪಿ ಕಡೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿಗೆ ಅಪ್ಪಳಿಸಿ ನಾಲ್ವರು ಸತ್ತರು. ಆ ವಿಡಿಯೋ ನಮ್ಮೆಲ್ಲರ ಫೋನಿಗೂ ಬಂತು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು, ಆಸ್ಪತ್ರೆ ಇಲ್ಲದಿದ್ದರೆ ವೋಟಿಲ್ಲ ಅಂತ ಪೋಸ್ಟ್ ಹಾಕಿದವರಲ್ಲಿ ಈ ಪಾಡ್‌ಕಾಸ್ಟ್ ಕೇಳುವ ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ.

ಆ ಕೂಗು ತುರ್ತು ಚಿಕಿತ್ಸೆಯದ್ದು, ಅದು ಸರಿಯಾಗಿಯೇ ಇತ್ತು. ಆದರೆ ಫಾಲೋ-ಅಪ್ ಸ್ಕ್ಯಾನಿಗೆ ಹೋಗುವವರಿಗೆ ಸೈರನ್ ಇರಲ್ಲ. ಅವರು ಬೆಳಗಿನ ಬಸ್ಸಿಗೋ ಕೊಂಕಣ ರೈಲಿಗೋ, ಪ್ಲಾಸ್ಟಿಕ್ ಕವರಿನಲ್ಲಿ ಫೈಲ್ ಹಿಡ್ಕೊಂಡು ಹೋಗ್ತಾರೆ. ಕಾರವಾರದಿಂದ ಮಣಿಪಾಲಕ್ಕೆ ಇನ್ನೂರು ಕಿಲೋಮೀಟರ್‌ಗೂ ಹೆಚ್ಚು. ರೋಗಿಯ ಒಂದು ದಿನ, ಜೊತೆಗೆ ಹೋಗುವವರ ಒಂದು ದಿನದ ಕೂಲಿ, ಊಟ, ಸ್ಕ್ಯಾನಿನ ಹಣ. ದೇಹದಲ್ಲಿ ನೋವಿಲ್ಲದಿದ್ದಾಗ ಈ ಖರ್ಚನ್ನು ಮುಂದೂಡುವುದು ಬಹಳ ಸುಲಭ.

ಮುಂದೂಡಲು ಮಳೆಯೂ ಸೇರಿಕೊಳ್ಳುತ್ತೆ. ಚಿಕ್ಕಿಯ ಸ್ಕ್ಯಾನ್ ತಾರೀಖು ಬಿದ್ದದ್ದು 2024ರ ಜುಲೈ ಕೊನೆಗೆ. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ (ಇದು ಬೇರೆ ಶಿರೂರು) ಗುಡ್ಡ ಹೆದ್ದಾರಿ ಮೇಲೆ ಕುಸಿದು, ಗಂಗಾವಳಿಗೆ ಜಾರಿತು. ಜನ ಸತ್ತರು. ಕುಮಟಾ ಕಡೆಯ ಹೆದ್ದಾರಿ ದಿನಗಟ್ಟಲೆ ಬಂದ್. ಆಗಸ್ಟ್ 7ರ ನಸುಕಿಗೆ ಉತ್ತರದಲ್ಲಿ, ಗೋವಾಕ್ಕೆ ಹೋಗುವ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಬಿತ್ತು. ಪಕ್ಕದ ಹೊಸ ಸೇತುವೆ ಉಳಿಯಿತು. ಒಂದೇ ಮಳೆಗಾಲದಲ್ಲಿ ದಕ್ಷಿಣದ ದಾರಿಗೂ ಉತ್ತರದ ದಾರಿಗೂ ಪೆಟ್ಟು. ಗುಡ್ಡದಡಿ ಜನ ಸಿಲುಕಿದ್ದಾಗ ನಮ್ಮದೊಂದು ಸ್ಕ್ಯಾನ್ ತಪ್ಪಿದ್ದನ್ನು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿರಲಿಲ್ಲ. ಅದು ಸೆಪ್ಟೆಂಬರ್‌ಗೆ ಹೋಯಿತು. ಚಿತ್ರ ಚೆನ್ನಾಗಿ ಬಂತು, ಉಬ್ಬು ಮುಚ್ಚಿಯೇ ಇತ್ತು.

ಜಿಲ್ಲೆಗೆ ಆಸ್ಪತ್ರೆ ಕೇಳುವಾಗ ನಾವು ಇದನ್ನೂ ಸೇರಿಸಿ ಕೇಳಬೇಕು ಅನ್ನೋದು ನನ್ನ ಮಾತು. ಆಪರೇಷನ್ ಬೇರೆ ಊರಲ್ಲಾದರೂ, ಆಮೇಲಿನ ಎಂಆರ್‌ಐ ಕಾರವಾರದಲ್ಲೇ ಆಗಿ, ಆ ಚಿತ್ರ ಆಪರೇಷನ್ ಮಾಡಿದ ವೈದ್ಯರ ಪರದೆಗೆ ತಲುಪಿದರೆ ಎಷ್ಟೋ ಪ್ರಯಾಣ ಉಳಿಯುತ್ತೆ. ಚಿತ್ರಗಳು ಈಗ ಕಂಪ್ಯೂಟರ್ ಫೈಲ್‌ಗಳೇ, ಅವು ಗುಡ್ಡ ಕುಸಿದರೂ ದಾಟುತ್ತವೆ.

ಅಲ್ಲಿಯವರೆಗೆ ಮನೆಯಲ್ಲಿ ಫೋನ್ ಚೆನ್ನಾಗಿ ಗೊತ್ತಿರೋರು ನೀವೇ ಆಗಿದ್ದರೆ, ನಾಲ್ಕು ಕೆಲಸ ನಿಮ್ಮದು. ಒಂದು, ಸ್ಕ್ಯಾನ್ ತಾರೀಖಿಗೆ ಫೋನಲ್ಲಿ ರಿಮೈಂಡರ್ ಇಡಿ. ತಪ್ಪಿದರೆ ಆಸ್ಪತ್ರೆಗೆ ಫೋನ್ ಮಾಡಿ ಹೊಸ ತಾರೀಖು ತಗೊಳ್ಳಿ. ಎರಡು, ಹಳೆಯ ಸ್ಕ್ಯಾನಿನ ಸಿಡಿ ಅಥವಾ ಪೆನ್‌ಡ್ರೈವ್ ಕಾಪಾಡಿ. ಹಳೆಯದರ ಪಕ್ಕ ಹೊಸದನ್ನು ಇಟ್ಟು ನೋಡಿದಾಗಲೇ ಬದಲಾವಣೆ ಗೊತ್ತಾಗೋದು. ಫಿಲ್ಮಿನ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರೆ ಅಷ್ಟು ಸೂಕ್ಷ್ಮ ಉಳಿಯಲ್ಲ. ಮೂರು, ಒಳಗೆ ಹಾಕಿದ ಕ್ಲಿಪ್ ಅಥವಾ ಕಾಯಿಲ್ ಯಾವುದು ಅಂತ ಬರೆದಿರುವ ಕಾರ್ಡು, ಡಿಸ್ಚಾರ್ಜ್ ಸಮ್ಮರಿ ಎರಡನ್ನೂ ಎಂಆರ್‌ಐ ಕೋಣೆಗೆ ಹೋಗುವ ಮೊದಲು ತೋರಿಸಿ. ಇಂದಿನವು ಹೆಚ್ಚಾಗಿ ಸುರಕ್ಷಿತ. ಆದರೆ ಅಯಸ್ಕಾಂತಕ್ಕೆ ಎಳೆಯಲ್ಪಡುವ ಹಳೆಯ ಕ್ಲಿಪ್ ಇದ್ದ ಮಹಿಳೆಯೊಬ್ಬರು ಎಂಆರ್‌ಐ ಕೋಣೆಯಲ್ಲೇ ಅಪಾಯಕ್ಕೆ ಸಿಲುಕಿ ಸತ್ತದ್ದು 1993ರ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ನಾಲ್ಕು, ಸ್ಟೆಂಟ್ ಹಾಕಿದ್ದರೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಲು ಬಿಡಬೇಡಿ.

ಚಿಕ್ಕಿಯ ಮುಂದಿನ ಸ್ಕ್ಯಾನನ್ನು ಮಳೆಗಾಲ ತಪ್ಪಿಸಿ ಹಾಕಿಸಿದ್ದೇವೆ. ನಿಮ್ಮ ಮನೆಯಲ್ಲೂ ಇಂಥ ಫೈಲ್ ಇದ್ದರೆ ಇವತ್ತೇ ತೆಗೆದು ತಾರೀಖು ನೋಡಿ. ಮುಂದಿನ ವಾರ ಸಿಗೋಣ.