ಮೂವತ್ತೈದು ಸೆಂಟು, ಹದಿನೈದು ಗುಂಟೆ

ನಮ್ಮ ಕೌತಾಳಂನಿಂದ ಬಡಗಣಕ್ಕೆ ಹೋದರೆ ತುಂಗಭದ್ರಾ ಹೊಳೆ, ದಾಟಿದರೆ ರಾಯಚೂರು ಜಿಲ್ಲೆ. ಎರಡೂ ದಂಡೆಗೆ ಕನ್ನಡ ಉಂಟು, ಬೀಗತನವೂ ನಡೀತದ. ಹೊಲದ ಲೆಕ್ಕ ಮಾತ್ರ ಬ್ಯಾರೆ. ಇಲ್ಲಿ ಎಕರೆಗೆ ನೂರು ಸೆಂಟು, ಅಲ್ಲಿ ನಲವತ್ತು ಗುಂಟೆ.

ಇದು ಹಳೇ ಕತೆ. 1800ರಲ್ಲಿ ನಿಜಾಮರು ಆದೋನಿ, ಬಳ್ಳಾರಿ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟರು. ಮನ್ರೋ ಸಾಹೇಬ ಹೊಲ ಅಳೆಸಿ ಕಂದಾಯ ಕಟ್ಟಿದ. ನಾವು ಮದರಾಸಿನ ಕೆಳಗೆ ಬಂದೆವು. ಮುಂದೆ ಎಕರೆ-ಸೆಂಟು ಬಂತು. ಹೊಳೆಯಾಚೆ ಹೈದರಾಬಾದು ರಾಜ್ಯ, ಅಲ್ಲಿ ಎಕರೆ-ಗುಂಟೆ. 1953ರ ಅಕ್ಟೋಬರ್ 1ಕ್ಕೆ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಸರ್ಕಾರ ಬದಲಾದರೂ ಜನರ ಬಾಯಾಗಿನ ಲೆಕ್ಕ ಬದಲಾಗಲಿಲ್ಲ.

ಅಪ್ಪ ತೀರಿದ ಮ್ಯಾಲೆ ದೊಡ್ಡ ಹೊಲ ಅಣ್ಣತಮ್ಮಂದಿರಿಗೆ ಹಂಚಿಕೆಯಾಯ್ತು. ಉಳಿದದ್ದು ಎರಡು ತುಂಡು: ಊರ ಹಿಂದಿನ ಮೂವತ್ತೈದು ಸೆಂಟು, ಹೊಳೆಯಾಚೆ ಅಜ್ಜಿ ಕಡೆಯಿಂದ ಬಂದ ಹದಿನೈದು ಗುಂಟೆ. ತಂಗಿಯನ್ನು ಹೊಳೆಯಾಚೆಗೇ ಕೊಟ್ಟಿದ್ದೆವು, ಅದು ಆಕೆಗೆ, ಇದು ನನಗೆ. ಅವ್ವ ಶಾಲೆ ಕಂಡವಳಲ್ಲ. ಆದರೆ ಸೇರು, ಅಚ್ಚೇರು, ಪಾವು ಕತ್ತಲಾಗೂ ಕೈಯಿಂದಲೇ ಹೇಳುವಾಕಿ. ‘ಗಂಡುಮಗನಿಗೆ ಮೂವತ್ತೈದು, ಹೆಣ್ಣುಮಗಳಿಗೆ ಹದಿನೈದಾ?’ ಅಂತ ಕೇಳಿದಳು. ನನಗೂ ನಂದೇ ದೊಡ್ಡದು ಅನಿಸಿತ್ತು. ಸುಮ್ಮನಿದ್ದೆ. ಅವ್ವ ಸಾಯೋತನಕ ಅದನ್ನೇ ಕೊರಗಿದಳು.

ಆಮೇಲೆ ಒಂದಿನ ವಾಚನಾಲಯದಾಗೆ ಮೇಷ್ಟ್ರೊಬ್ಬರು ಲೆಕ್ಕ ಬಿಡಿಸಿ ತೋರಿಸಿದರು. ನೂರು ತುಂಡು ಮಾಡಿದ ರೊಟ್ಟಿಯ ತುಂಡು ಸಣ್ಣದು, ನಲವತ್ತು ಮಾಡಿದ್ದರ ತುಂಡು ದೊಡ್ಡದು. ಬರೀ ಎಣಿಸಿದರೆ ಮೋಸ. ಅದಕ್ಕೆ ಎಕರೆಯನ್ನು ಇನ್ನೂರು ತುಂಡು ಮಾಡು ಅಂದರು, ನೂರಕ್ಕೂ ನಲವತ್ತಕ್ಕೂ ಹೊಂದುವ ಸಣ್ಣ ಸಂಖ್ಯೆ ಅದೇ. ನನ್ನವು ಎಪ್ಪತ್ತು, ತಂಗಿಯವು ಎಪ್ಪತ್ತೈದು! ಆ ಐದು ಅಂದರೆ ಸರಿಯಾಗಿ ಒಂದು ಗುಂಟೆ, 33 ಅಡಿಗೆ 33 ಅಡಿ. ಪದ ಹಾಡುವಾಗ ತಾಳ ತಪ್ಪದವನಿಗೆ ಹೊಲದ ಲೆಕ್ಕ ತಪ್ಪಿತ್ತು.

ಹೀಗೆ ಛೇದ ಹೊಂದಿಸುವ ದಾರಿಯನ್ನು ಒಂಬತ್ತನೇ ಶತಮಾನದಾಗೇ, ಅಮೋಘವರ್ಷ ನೃಪತುಂಗನ ಕಾಲಕ್ಕೆ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಬರೆದಾರಂತೆ. ಅದಕ್ಕೆ ‘ನಿರುದ್ಧ’ ಅಂತ ಹೆಸರು. ಏಳನೇತ್ತ ಓದುವಾಗ ನಮಗೆ ಲ.ಸಾ.ಅ. ಅಂತ ಬಾಯಿಪಾಠ ಮಾಡಿಸಿದ್ದರು. ಹೊಲಕ್ಕೂ ಅದಕ್ಕೂ ಸಂಬಂಧ ಉಂಟು ಅಂತ ತಿಳೀಲಿಲ್ಲ.

ಹಿರೇರಿಗೆ ಈ ಕಷ್ಟ ಕಮ್ಮಿ ಇತ್ತು, ಎಲ್ಲದಕ್ಕೂ ಹದಿನಾರರ ಆಣೆ. ‘ಈ ವರ್ಷ ಬೆಳೆ ಎಂಟಾಣೆ, ಹೋದ ವರ್ಷ ಹತ್ತಾಣೆ’ ಅಂದರೆ ಯಾವುದು ಹೆಚ್ಚು ಅಂತ ಕೂಸಿಗೂ ತಿಳೀತದ. ಆಣೆಗೆ ಹನ್ನೆರಡು ಪೈ, ಹಂಗಾಗಿ ರೂಪಾಯಿ ಮೂವರು ಹಂಚಿಕೊಂಡರೆ ಐದಾಣೆ ನಾಲ್ಕು ಪೈ, ಜಗಳ ಇಲ್ಲ. 1957ರ ಏಪ್ರಿಲ್ 1ರಿಂದ ನೂರು ಪೈಸೆ ಬಂತು. ಮೂವರಿಗೆ ಹಂಚಿದರೆ ಒಂದು ಪೈಸೆ ಉಳೀತದ, ಅದು ಯಾರಿಗೆ?

ತಂಗಿ ಮನೆಗೆ ಹೋಗಿ ಲೆಕ್ಕ ಹೇಳಿದೆ. ಆಕೆ ನಕ್ಕಳು. ‘ಅಣ್ಣ, ನಮ್ಮ ಮಾವನೋರು ಆವತ್ತೇ ಲೆಕ್ಕ ಹಾಕಿದ್ದರು. ಹಬ್ಬಕ್ಕೆ ಬಂದಾಗೆಲ್ಲ ಅವ್ವ, ನನ್ನ ಮಗಳಿಗೆ ಕಮ್ಮಿ ಆಯ್ತು ಅಂತ, ನಿನಗೆ ಕಾಣದಂಗ ಎರಡು ಸೇರು ಜೋಳ ಹೆಚ್ಚಿಗೆ ಕಟ್ಟಿ ಕೊಡ್ತಿದ್ದಳು. ಹೆಂಗ ಹೇಳಲಿ?’ ಅಂದಳು.