ಎಂಟು ಕಪ್ ಚಹ ಕಲಿಸಿದ ಪಾಠ

ಕಪ್ಪಿಗೆ ಮೊದಲು ಬಿದ್ದದ್ದು ಹಾಲೋ ಚಹವೋ ಎಂಬುದನ್ನು ರುಚಿ ನೋಡಿಯೇ ಹೇಳಬಹುದೇ? 1920ರ ದಶಕದಲ್ಲಿ ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಪಾಚಿ ವಿಜ್ಞಾನಿ ಮ್ಯೂರಿಯಲ್ ಬ್ರಿಸ್ಟಲ್ ತಮಗದು ಸಾಧ್ಯ ಎಂದರಂತೆ. ಅಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ಇಂಥದೇ ಪರೀಕ್ಷೆಯನ್ನು 1935ರ ತಮ್ಮ ಗ್ರಂಥದಲ್ಲಿ ಮಾದರಿಯಾಗಿ ವಿವರಿಸಿದರು.

ಒಟ್ಟು 8 ಕಪ್, ಬಗೆಗೆ ನಾಲ್ಕರಂತೆ. ಕೊಡುವ ಕ್ರಮವನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕು. ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿಗಳಿವೆ. ಹಾಗಾಗಿ ಬರೀ ಊಹೆಯಿಂದ ನಾಲ್ಕೂ ಸರಿಯಾಗುವ ಸಂಭವ 70ರಲ್ಲಿ 1. ಮೂರು ಸರಿಯಾದರೂ ಸಾಕು ಎಂದರೆ ಅದು 70ರಲ್ಲಿ 17ಕ್ಕೇರುತ್ತದೆ. ಅಂಥ ಗೆಲುವು ಏನನ್ನೂ ಸಾಬೀತುಪಡಿಸದು. ನಿಯಮವನ್ನು ಚಹ ಸುರಿಯುವ ಮುನ್ನವೇ ಗೊತ್ತುಮಾಡಬೇಕೆನ್ನುವುದು ಇದಕ್ಕಾಗಿಯೇ.

ಇಂದು ಪ್ರೌಢಶಾಲೆಯ ವಿದ್ಯಾರ್ಥಿಗೆ ಕೃತಕ ಬುದ್ಧಿಮತ್ತೆಯ ಸಾಧನಗಳು ಈ ಲೆಕ್ಕವನ್ನು ಕ್ಷಣದಲ್ಲಿ ಮಾಡಿಕೊಡುತ್ತವೆ. ಆದರೆ ಒಂದು ಬಗೆಯ ಚಹ ಬಿಸಿಯಾಗಿಯೂ ಇನ್ನೊಂದು ಆರಿಯೂ ಇದ್ದರೆ, ಆ ದೋಷವನ್ನು ಯಾವ ಲೆಕ್ಕವೂ ಸರಿಪಡಿಸಲಾರದು. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಬಳಿ ಹೋಗುವುದೆಂದರೆ ಹಲವು ಸಲ ಶವಪರೀಕ್ಷೆ ಮಾಡಿಸಿದಂತೆ ಎಂದು 1938ರಲ್ಲಿ ಕಲ್ಕತ್ತೆಯ ಸಮ್ಮೇಳನದಲ್ಲಿ ಫಿಷರ್ ಎಚ್ಚರಿಸಿದ್ದರು. ಯಂತ್ರವನ್ನು ಕೇಳುವವರಿಗೂ ಆ ಮಾತು ಅನ್ವಯಿಸುತ್ತದೆ. ಮಕ್ಕಳು ಮೊದಲು ಕಲಿಯಬೇಕಾದದ್ದು ಉತ್ತರ ತೆಗೆಯುವುದನ್ನಲ್ಲ, ಪ್ರಯೋಗ ಹೂಡುವುದನ್ನು.